ಸೈಟ್ ಕೊಳ್ಳುವವರಿಗೆ ರೇರಾ ಏಜೆಂಟ್ ನೋಂದಣಿ ಬೇಕೆ?

ಒಂದೆರಡು ಸೈಟ್ ಕೊಂಡು ಮಾರಿ ನಾಲ್ಕು ಕಾಸು ನೋಡಿದವರಿಗೆ ಈ ಯೋಚನೆ ಬಂದೇ ಬರುತ್ತದೆ: ಬ್ರೋಕರ್‌ಗೆ ಕಮಿಷನ್ ಕೊಡುವ ಬದಲು ನಾನೇ ಏಜೆಂಟ್ ಆಗಿ ನೋಂದಾಯಿಸಿಕೊಂಡರೆ?

ಮೊದಲು ಕಾನೂನು ತಿಳಿಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರೇರಾ ನೋಂದಣಿಯಾದ ಯೋಜನೆಯ ಸೈಟ್ ಅಥವಾ ಫ್ಲ್ಯಾಟನ್ನು ಇನ್ನೊಬ್ಬರಿಗೆ ಕೊಡಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಆಸ್ತಿ ಬೆಲೆಯ ಶೇ 5ರವರೆಗೂ ಏರಬಹುದು. ಸ್ವಂತಕ್ಕೆ ಕೊಳ್ಳುವವರಿಗೆ ಇದು ಬೇಕಿಲ್ಲ.

ಆಮೇಲೆ ಲೆಕ್ಕ ಹಾಕಿ. ಕರ್ನಾಟಕದಲ್ಲಿ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಅವಧಿ 5 ವರ್ಷ. 60 ಲಕ್ಷದ ಸೈಟಿಗೆ ಶೇ 1 ಕಮಿಷನ್ ಎಂದರೂ 60,000. ಒಂದೇ ವ್ಯವಹಾರದಲ್ಲಿ ಗಿಟ್ಟಿತು ಅನ್ನಿಸುತ್ತದೆ. ಆದರೆ ಹೊಸ ಬಡಾವಣೆಯಲ್ಲಿ ಏಜೆಂಟರಿಗೆ ಕಮಿಷನ್ ಕೊಡುವುದು ಸಾಮಾನ್ಯವಾಗಿ ಡೆವಲಪರ್. ನೀವು ನೇರವಾಗಿ ಹೋದಾಗ, ಆ ಮೊತ್ತವನ್ನು ಬೆಲೆಯಲ್ಲೇ ಇಳಿಸಿ ಎಂದು ಕೇಳಬಹುದು. ಸಂಕೋಚ ಬೇಡ, ಕೇಳಿ.

ನೋಂದಣಿಯಿದ್ದರೆ ಒಳಗಿನ ಮಾಹಿತಿ ಸಿಗುತ್ತದೆ ಎನ್ನುವವರಿದ್ದಾರೆ. ಸಂಪರ್ಕ ಬೆಳೆಯುವುದು ನಿಜ. ಆದರೆ ಮುಖ್ಯ ದಾಖಲೆಗಳು ಎಲ್ಲರಿಗೂ ಸಿಗುತ್ತವೆ. ಬ್ರೋಷರ್ ಕೈಗೆತ್ತಿಕೊಂಡು ಮೂಲೆಯ ಸಣ್ಣ ಅಕ್ಷರದಲ್ಲಿರುವ ರೇರಾ ಸಂಖ್ಯೆ ಓದಿ. ಸಂಖ್ಯೆ ‘ಪಿಆರ್‌ಎಂ’ ಎಂದು ಶುರುವಾದರೆ ನೋಂದಣಿ. ‘ಎಸಿಕೆ’ ಎಂದಿದ್ದರೆ ಅದು ಬರೀ ಅರ್ಜಿಯ ಸ್ವೀಕೃತಿ. ಈ ಮೂರಕ್ಷರ ನೋಡದೆ ಅಡ್ವಾನ್ಸ್ ಕೊಟ್ಟವರನ್ನು ಕಂಡಾಗ ಕರುಳು ಚುರುಕ್ ಎನ್ನುತ್ತದೆ. ಆ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ ತಾಳೆ ನೋಡಿ. ಕಾವೇರಿ ಜಾಲತಾಣದಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಇ-ಖಾತಾ, ಭೂಪರಿವರ್ತನೆ ಆದೇಶ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ. ಒಂದೆರಡು ಸೈಟ್ ಕೊಳ್ಳುವವರು 25,000 ರೂಪಾಯಿಯನ್ನು ಇದಕ್ಕೇ ಎತ್ತಿಡುವುದು ಮೇಲು. ಮಾರಾಟ ಕರಾರು ನೋಂದಣಿಯಾಗುವ ಮುನ್ನ ಡೆವಲಪರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ಯಾರು ಮಾಡಿಸಬೇಕು? ರೇರಾ ನೋಂದಣಿಯಾದ ಯೋಜನೆಗಳಲ್ಲಿ ನೆಂಟರಿಗೋ ಸಹೋದ್ಯೋಗಿಗಳಿಗೋ ಸೈಟ್ ಕೊಡಿಸಿ ಹಣ ಪಡೆಯುವವರು. ‘ಬರೀ ಪರಿಚಯ ಮಾಡಿಸಿದೆ’ ಎಂದರೆ ನಡೆಯದು. ಕಮಿಷನ್‌ಗಾಗಿ ಪರಿಚಯ ಮಾಡಿಸುವವರೂ ಕಾಯ್ದೆಯ ಕಣ್ಣಿಗೆ ಏಜೆಂಟರೇ. ಅಂಥವರು ಪ್ಯಾನ್, ಫೋಟೊ, ವಿಳಾಸದ ದಾಖಲೆ, ಆದಾಯ ತೆರಿಗೆ ರಿಟರ್ನ್ ಸಿದ್ಧಮಾಡಿಕೊಂಡು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ನೋಂದಣಿ ಸಂಖ್ಯೆ ಬಂದ ಮೇಲೆ ಪ್ರತಿ ವ್ಯವಹಾರಕ್ಕೂ ಲೆಕ್ಕ ಬರೆದಿಡಬೇಕು, ಆ ಸಂಖ್ಯೆಯನ್ನು ನಮೂದಿಸಬೇಕು.