ನಾಟಿ ಕಾಲದಲ್ಲಿ ಕೂಸಿಗೂ ಮುಯ್ಯಾಳು

ಮಂಡ್ಯ, ಮೈಸೂರು ಜಿಲ್ಲೆಗಳ ನಾಲಾ ಬಯಲಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳು ಭತ್ತದ ನಾಟಿಯ ಕಾಲ. ಪೈರಿಗೆ ವಯಸ್ಸು ಮೀರಿದರೆ ತೆಂಡೆ ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ನಾಟಿ ಮಾಡುವವರು ಬಹುಪಾಲು ಹೆಂಗಸರು. ಅವರಲ್ಲಿ ಹಲವರಿಗೆ ಎಳೆಗೂಸುಗಳಿರುತ್ತವೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3ರಿಂದ 6 ವರ್ಷದವರಿಗೆ ಮಾತ್ರ. ಅದಕ್ಕಿಂತ ಚಿಕ್ಕ ಕೂಸು ಬದುವಿನ ಮೇಲೆ ಮಲಗುತ್ತದೆ, ಇಲ್ಲವೆ ಶಾಲೆ ಬಿಟ್ಟ ಅಕ್ಕನ ಸೊಂಟ ಸೇರುತ್ತದೆ. ಇವೆರಡೂ ಸರಿಯಲ್ಲ.

ಕೂಸಿನ ಪಾಳಿ

ಕೆಲಸಕ್ಕೆ ಆಳಿಗೆ ಆಳು ಕೊಡುವ ಮುಯ್ಯಾಳು ಪದ್ಧತಿ ರೈತರಿಗೆ ಹೊಸದಲ್ಲ. ಅದನ್ನೇ ಮಕ್ಕಳ ಪಾಲನೆಗೂ ಬಳಸಬಹುದು. ಐವರು ತಾಯಂದಿರು ಸೇರಿದರೆ ದಿನಕ್ಕೊಬ್ಬರು ಮಕ್ಕಳನ್ನು ನೋಡಿಕೊಳ್ಳಬೇಕು, ಉಳಿದ ನಾಲ್ವರು ಗದ್ದೆಗಿಳಿಯಬೇಕು. ಐದು ದಿನಗಳಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ದಿನದ ಕೆಲಸ ಸಿಗುತ್ತದೆ. ಹಣದ ಲೆಕ್ಕವೇ ಬೇಡ. ಒಬ್ಬರೇ ನಿತ್ಯ ಮಕ್ಕಳನ್ನು ನೋಡುವುದಾದರೆ, ದುಡಿದ ನಾಲ್ವರೂ ತಮ್ಮ ಕೂಲಿಯ ಐದನೇ ಒಂದು ಪಾಲನ್ನು ಅವರಿಗೆ ಕೊಡಬೇಕು. ಆಗ ಐವರಿಗೂ ಸಮನಾಗಿ ದಕ್ಕುತ್ತದೆ. ಮಗು ನೋಡುವುದೂ ಕೆಲಸವೇ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು, ಕಾಮಗಾರಿ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಒಬ್ಬ ಮಹಿಳೆಯನ್ನು ಅವರ ಪಾಲನೆಗೆ ನೇಮಿಸಿ ಕೂಲಿ ಕೊಡಬೇಕೆಂದು ಇದೇ ತತ್ವವನ್ನು ಒಪ್ಪಿತ್ತು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಯೋಜನೆಯನ್ನು ಪ್ರಕಟಿಸಿತು. ಊರಿನಲ್ಲಿ ಅಂಥದ್ದು ಇದೆಯೇ ಎಂದು ಮೊದಲು ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಜಾಗ ಮತ್ತು ಆಹಾರ

ಮಕ್ಕಳನ್ನು ಇರಿಸುವ ಮನೆ ಬಾವಿ, ನಾಲೆ ಮತ್ತು ಕೃಷಿ ಹೊಂಡಗಳಿಂದ ದೂರವಿರಬೇಕು. ಅಂಬೆಗಾಲಿಡುವ ಮಗುವಿಗೆ ಒಂದು ಬಕೆಟ್ ನೀರೂ ಅಪಾಯವೇ. ಕೀಟನಾಶಕದ ಡಬ್ಬಿ ಆ ಮನೆಯಲ್ಲಿ ಇರಕೂಡದು. ಔಷಧಿ ಸಿಂಪಡಿಸಿದ ಗದ್ದೆಯಿಂದ ಬಂದವರು ಸ್ನಾನ ಮಾಡಿ, ಸೀರೆ ಬದಲಾಯಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು.

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ತಾಯಿ ನಡುವೆ ಬಂದು ಹಾಲೂಡಿಸುವಷ್ಟು ಹತ್ತಿರದಲ್ಲಿ ಮನೆ ಇದ್ದರೆ ಒಳ್ಳೆಯದು. ಇಲ್ಲವಾದರೆ ಕೈ ತೊಳೆದು, ಕುದಿಸಿದ ಮುಚ್ಚಳದ ಬಟ್ಟಲಿಗೆ ಹಾಲು ಹಿಂಡಿ, ತಂಪಾದ ಮೂಲೆಯಲ್ಲಿಟ್ಟು, 4 ಗಂಟೆಯೊಳಗೆ ಒಳಲೆ ಅಥವಾ ಚಮಚದಿಂದ ಕುಡಿಸಬೇಕು. ಆರು ತಿಂಗಳ ನಂತರ ಎದೆಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ–ಬೇಳೆ ಕೊಡಬೇಕು. ಭೇದಿಯಾದರೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣವನ್ನು 1 ಲೀಟರ್ ಶುದ್ಧ ನೀರಿಗೆ ಕಲಸಿ ಆಗಾಗ ಕುಡಿಸುತ್ತಾ, ತಾಯಿಗೆ ತಕ್ಷಣ ಹೇಳಿ ಕಳುಹಿಸಬೇಕು.

ಮುಚ್ಚುಮರೆ ಇಲ್ಲದ ಮಾತು

ಈ ಏರ್ಪಾಡು ನಿಲ್ಲುವುದು ನಂಬಿಕೆಯ ಮೇಲೆ. ಮಗು ಬಿದ್ದಿದ್ದರೆ, ಊಟ ಬಿಟ್ಟಿದ್ದರೆ, ಮೈ ಬಿಸಿಯಾಗಿದ್ದರೆ ಸಂಜೆ ಇದ್ದುದನ್ನು ಇದ್ದ ಹಾಗೆ ಹೇಳಬೇಕು. ಕೇಳಿದವರು ಹರಿಹಾಯಬಾರದು, ಬೈಗುಳಕ್ಕೆ ಹೆದರಿದವರು ಮರುದಿನ ಮರೆಮಾಚುತ್ತಾರೆ.

ತಾಯಂದಿರ ನಡುವೆಯೂ ಅಷ್ಟೇ. "ನನ್ನ ಮಗು ಒಂದು ದಿನವೂ ಅಳಲಿಲ್ಲ" ಎಂಬ ಹೆಮ್ಮೆಯ ಮಾತಿನಿಂದ ಚೊಚ್ಚಲ ಬಾಣಂತಿಗೆ ಪ್ರಯೋಜನವಿಲ್ಲ. "ನನಗೂ ಹಾಲು ಸಾಲದೆನ್ನಿಸಿತ್ತು, ಪದೇ ಪದೇ ಕುಡಿಸಿದೆ, ಹೆಚ್ಚಿತು" ಎಂಬ ಅನುಭವದ ಮಾತು ಧೈರ್ಯ ಕೊಡುತ್ತದೆ. ಆದರೆ ಹೆರಿಗೆಯ ನಂತರದ ದುಃಖ, ನಿದ್ದೆಗೇಡು, ಮಗು ಬೇಡವೆನ್ನಿಸುವುದು ಎರಡು ವಾರ ಕಳೆದರೂ ಹೋಗದಿದ್ದರೆ ಸಮಾಧಾನದ ಮಾತು ಸಾಲದು. ಅದು ಕಾಯಿಲೆ, ಕೊಬ್ಬಲ್ಲ. ಜೊತೆಯವರೇ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಸಾಯುವ ಮಾತಾಡಿದರೆ ಎರಡು ವಾರ ಕಾಯದೆ ಅಂದೇ ಕರೆದೊಯ್ಯಬೇಕು, ಒಂಟಿಯಾಗಿ ಬಿಡಕೂಡದು.

ತಂದೆಯರಿಗೂ ಇಲ್ಲಿ ಪಾಲಿದೆ. ನಾಟಿ ಮುಗಿಸಿ ಬಂದ ಹೆಂಡತಿ ಒಲೆ ಹಚ್ಚುವ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಳ್ಳುವುದು ಗಂಡಸಿಗೆ ಕುಂದಲ್ಲ.

ಒಟ್ಲು ಪಾತಿಗೆ ಬೀಜ ಚೆಲ್ಲುವ ವಾರವೇ ಪಾಳಿಯ ಮಾತೂ ಆಗಲಿ. ಪೈರು ನಾಟಿಗೆ ಬರುವ ಹೊತ್ತಿಗೆ ಮನೆ, ಸರದಿ, ಕೂಲಿಯ ಪಾಲು ಎಲ್ಲವೂ ಗೊತ್ತಾಗಿರುತ್ತವೆ.