ಮನೆಯ ಬಳಕೆಯಲ್ಲಿ ಪ್ರಸಾದಭಾವ

ನಿತ್ಯದ ಲಿಂಗಪೂಜೆ ಮುಗಿದ ಮೇಲೆ ಇಳಿದ ಪತ್ರಿ-ಪುಷ್ಪಗಳನ್ನು ಏನು ಮಾಡಬೇಕು? ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಅದು ಎಷ್ಟು ದೊಡ್ಡದೆಂಬುದು ನದಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ತಿಳಿಯುವದು. ವಾರವಿಡೀ ಕೂಡಿಟ್ಟ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿಗೆ ಗಂಟು ಹಾಕಿ, ಕೈಮುಗಿದು ನೀರಿಗೆ ಬಿಡುವದು ಇಂದು ನಮ್ಮ ನಾಡಿನ ಅನೇಕ ತೀರಗಳಲ್ಲಿ ಕಾಣುವ ನೋಟವಾಗಿದೆ. ಹೂವು ಕೊಳೆಯುವದು; ಚೀಲವು ಕೊಳೆಯದು. ಭಕ್ತನು ಮನೆಗೆ ಮರಳುವನು. ಅವನ ಗಂಟು ಮಾತ್ರ ಹರಿಯುತ್ತ ಮುಂದಿನ ಊರಿಗೆ ಹೋಗುವದು.

ಗುತ್ತಲ ಸೀಮೆಯವರಾದ ನಮಗೆ ಈ ಮಾತು ಹೆಚ್ಚು ತಾಗಬೇಕು. ನಮ್ಮ ಸಮೀಪದ ಚೌಡದಾನಪುರದಲ್ಲಿ, ತುಂಗಭದ್ರೆಯ ತಟದಲ್ಲಿ, ಅಂಬಿಗರ ಚೌಡಯ್ಯನವರ ಗದ್ದುಗೆ ಇದೆ. ಗುತ್ತಲದಿಂದ ಆಳಿದ ಗುತ್ತ ಅರಸರ ಕಾಲದ ಶಾಸನಗಳು ಅಲ್ಲಿಯ ಮುಕ್ತೇಶ್ವರ ದೇಗುಲದ ಬಳಿ ಇರುವವು. ಹನ್ನೆರಡನೆಯ ಶತಮಾನದ ಆ ಶರಣರಿಗೆ ನದಿಯು ಕಾಯಕದ ಕ್ಷೇತ್ರವಾಗಿತ್ತು. ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಪಾವನವಾಗುವೆವೆಂಬ ಭ್ರಮೆಯನ್ನು ಶರಣರು ಒಪ್ಪಲಿಲ್ಲ. ನಾವಾದರೋ ತೀರ್ಥಸ್ನಾನದ ಪುಣ್ಯವನ್ನು ನಂಬುವವರಲ್ಲವೆಂದು ಹೇಳಿಕೊಳ್ಳುತ್ತ, ಅದೇ ನೀರಿಗೆ ನಮ್ಮ ಮನೆಯ ಕಸವನ್ನು ಒಪ್ಪಿಸುತ್ತಿದ್ದೇವೆ. ಈ ಹೊಳೆಯು ಮುಂದೆ ಹೊಸಪೇಟೆಯ ಜಲಾಶಯವನ್ನು ಸೇರುವದೆಂಬುದನ್ನು, ದಾರಿಯುದ್ದಕ್ಕೂ ಅದನ್ನೇ ಕುಡಿಯುವ ಊರುಗಳಿರುವವೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ನಿರ್ಮಾಲ್ಯವು ಕಾಲ್ತುಳಿತಕ್ಕೆ ಸಿಕ್ಕಬಾರದೆಂಬುದು ಹಿರಿಯರ ಭಾವನೆ. ಅದಕ್ಕಾಗಿಯೇ ಅದನ್ನು ಬಿಲ್ವದ ಅಥವಾ ಕಣಗಿಲೆಯ ಬುಡಕ್ಕೆ ಹಾಕುತ್ತಿದ್ದರು. ಹಿತ್ತಲಿದ್ದವರು ಎರಡು ಅಡಿ ಉದ್ದಗಲ, ಎರಡು ಅಡಿ ಆಳದ ಗುಂಡಿಯನ್ನು ತೋಡಿ, ದಿನದಿನದ ಪತ್ರಿ-ಪುಷ್ಪವನ್ನು ಅದರಲ್ಲಿ ಹಾಕಿ, ಮೇಲೆ ಒಂದು ಹಿಡಿ ಮಣ್ಣನ್ನೂ ವಾರಕ್ಕೊಮ್ಮೆ ತುಸು ಸಗಣಿಯ ನೀರನ್ನೂ ಹಾಕಬೇಕು. ಕೆಲವು ತಿಂಗಳಲ್ಲಿ ಅದು ಕರಿಯ ಗೊಬ್ಬರವಾಗುವದು. ಹಿತ್ತಲಿಲ್ಲದ ಮನೆಯವರಿಗೆ ತಳದಲ್ಲಿ ತೂತುಗಳುಳ್ಳ ಒಂದು ಹಳೆಯ ಮಣ್ಣಿನ ಗಡಿಗೆ ಸಾಕು. ಆ ಗೊಬ್ಬರವನ್ನುಂಡ ಗಿಡವು ಮತ್ತೆ ಹೂವು ಕೊಡುವದು. ಆ ಹೂವು ಮತ್ತೆ ಪೂಜೆಗೆ ಬರುವದು. ದಾರವನ್ನೂ ಜರಿಯನ್ನೂ ಮಾತ್ರ ಮೊದಲೇ ಬಿಡಿಸಿ ತೆಗೆಯಬೇಕು.

ಇಲ್ಲಿ ಒಂದು ತತ್ತ್ವವುಂಟು. ಮನೆಯೊಳಗೆ ಬಂದುದೆಲ್ಲವೂ ಪ್ರಸಾದವೆಂದು ಬಾಯಲ್ಲಿ ಹೇಳುವ ಭಕ್ತನಿಗೆ ಮನೆಯಿಂದ ಹೊರಗೆ ಹೋಗುವದರ ಹೊಣೆಯೂ ಇದೆ. ಪ್ರಸಾದವು ಹೊಸ್ತಿಲು ದಾಟಿದೊಡನೆ ಕಸವಾಗುವದಾದರೆ, ಅದು ಒಳಗಿದ್ದಾಗಲೂ ನಾವು ಅದನ್ನು ಪ್ರಸಾದವೆಂದು ಬಗೆದಿರಲಿಲ್ಲವೆಂದೇ ತಿಳಿಯಬೇಕಾಗುವದು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ನಮ್ಮ ಓದುಗರೆಲ್ಲ ಬಲ್ಲರು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದರು. ಈ ಕಥೆಯನ್ನು ನಾವು ನಿರಾಶೆಯ ಉಪದೇಶವಾಗಿ, ಅಂದರೆ ಆಸೆಯ ತ್ಯಾಗವೆಂದು ಮಾತ್ರ ಓದುತ್ತೇವೆ. ಅದರಲ್ಲಿ ಅಡಿಗೆಮನೆಯ ಲೆಕ್ಕವೂ ಇರುವದನ್ನು ಗಮನಿಸಿರಿ. ಆ ತಾಯಿಗೆ ಇಂದಿನ ಅಡಿಗೆಗೆ ಎಷ್ಟು ಬೇಕೆಂಬುದು ಗೊತ್ತಿತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಅಳತೆ ಉಳಿದಿದೆ? ವಿಶ್ವಸಂಸ್ಥೆಯ ಪರಿಸರ ವಿಭಾಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ನುಗಳಷ್ಟು ಆಹಾರವು ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರುವತ್ತು ಪಾಲು ಹೋಟೆಲು-ಅಂಗಡಿಗಳದಲ್ಲ, ಮನೆಗಳದು. ಬಿಟ್ಟ ಅನ್ನವು ಊರ ಹೊರಗಿನ ಕಸದ ರಾಶಿಯಲ್ಲಿ ಗಾಳಿಯಾಡದೆ ಕೊಳೆತು, ಭೂಮಿಯ ತಾಪವನ್ನು ಹೆಚ್ಚಿಸುವ ಮೀಥೇನ್ ಅನಿಲವಾಗುವದು.

ಮಠಗಳ ಪಂಕ್ತಿಯಲ್ಲಿ ಉಂಡ ತಟ್ಟೆಯನ್ನು ನೀರಿನಿಂದ ಬಳಿದು ಆ ನೀರನ್ನೂ ಕುಡಿಯುವ ಹಿರಿಯರನ್ನು ಕಂಡಿದ್ದೇವೆ. ಈಗಿನ ಹುಡುಗರು ಇದನ್ನು ಕಂಡು ಮುಸಿಮುಸಿ ನಗುವರು. ಅದೇ ಹುಡುಗರ ಮದುವೆಗಳಲ್ಲಿ ಹತ್ತು ಬಗೆಯ ಪಕ್ವಾನ್ನ ಬಡಿಸಿದ ಎಲೆಗಳು ಅರ್ಧ ತುಂಬಿದಂತೆಯೇ ಎತ್ತಲ್ಪಡುವವು. ಮಕ್ಕಳಿಗೆ ಮೊದಲು ಕಡಿಮೆ ಬಡಿಸಿ, ಕೇಳಿದರೆ ಮತ್ತೆ ಬಡಿಸುವದು ಒಂದೇ ಸಾಕಾದ ನಿಯಮ. ಉಳಿದ ರೊಟ್ಟಿಯನ್ನು ಒಣಗಿಸಿ ಕಟಕಟಿ ರೊಟ್ಟಿಯನ್ನಾಗಿ ಇಡುವ ಜಾಣತನವು ನಮ್ಮ ಸೀಮೆಯ ತಾಯಂದಿರಿಗೆ ಯಾರೂ ಕಲಿಸಬೇಕಾದುದಿಲ್ಲ. ಇನ್ನು ಆ ಜೋಳದ ಮಾತು: ಎರೆಯ ಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವು ನೆಲದಲ್ಲಿ ಉಳಿದ ತೇವದಿಂದಲೇ ಬೆಳೆಯುವದು, ಭತ್ತದಂತೆ ನಿಂತ ನೀರನ್ನು ಬೇಡದು. ವಾರಕ್ಕೆ ನಾಲ್ಕು ದಿನ ಅನ್ನದ ಬದಲು ರೊಟ್ಟಿ ಉಂಡ ಮನೆಯು ಬಲ್ಲೆನೆಂದಾಗಲಿ ಅರಿಯೆನೆಂದಾಗಲಿ ನೀರನ್ನು ಉಳಿಸಿತು.

ದಾಸೋಹ, ಮದುವೆ, ಗೃಹಪ್ರವೇಶಗಳ ತಟ್ಟೆ-ಲೋಟಗಳ ವಿಷಯದಲ್ಲಿ ಕಾನೂನು ನಮಗಿಂತ ಮುಂದೆ ಹೋಗಿದೆ. ಕರ್ನಾಟಕ ಸರಕಾರವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಥರ್ಮೋಕೋಲ್ ವಸ್ತುಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಅನೇಕ ವಸ್ತುಗಳನ್ನು ಕೇಂದ್ರವು 2022ರ ಜುಲೈ 1ರಿಂದ ತಡೆಯಿತು. ಮುತ್ತುಗದ ಎಲೆಯ ಪತ್ರಾವಳಿ, ಬಾಳೆಯ ಎಲೆ, ಅಡಿಕೆಯ ಹಾಳೆಯ ತಟ್ಟೆ ಇವು ದನಕ್ಕೂ ಮಣ್ಣಿಗೂ ಹೊರೆಯಾಗವು. ಇವೆಲ್ಲಕ್ಕಿಂತ ಮೇಲಾದುದು ಸ್ಟೀಲಿನ ತಟ್ಟೆ. ಓಣಿಯ ನಾಲ್ಕಾರು ಮನೆಗಳವರು ಕೂಡಿ ಇನ್ನೂರು ತಟ್ಟೆ, ಇನ್ನೂರು ಲೋಟಗಳನ್ನು ಕೊಂಡು ಒಬ್ಬರ ಅಟ್ಟದ ಮೇಲೆ ಇಟ್ಟುಕೊಂಡರೆ ಎಲ್ಲರ ಕಾರ್ಯಗಳೂ ಸಾಗುವವು. ಸಂತೆಗೆ ಹೋಗುವಾಗ ಬಟ್ಟೆಯ ಕೈಚೀಲ ಒಯ್ಯುವ ವಿಷಯವನ್ನು ಶಾಲೆಯ ಮಕ್ಕಳೂ ಬಲ್ಲರಾದುದರಿಂದ ಬೆಳೆಸುವದಿಲ್ಲ.

ಬೆಳೆಸಬೇಕಾದ ಮಾತು ಬೇರೆಯಿದೆ. ಅದು ಬಚ್ಚಲ ಒಲೆಯ ಮಾತು. ಮುಂಜಾನೆ ಸ್ನಾನದ ನೀರು ಕಾಯಿಸಲು ಹಂಡೆಯ ಕೆಳಗೆ ಬೆಂಕಿ ಹೊತ್ತಿಸುವಾಗ, ಬೇಗ ಹತ್ತಿಕೊಳ್ಳಲೆಂದು ಹಾಲಿನ ಚೀಲ, ಎಣ್ಣೆಯ ಚೀಲ, ಹರಿದ ಪ್ಲಾಸ್ಟಿಕ್ ಚಪ್ಪಲಿಯ ತುಂಡುಗಳನ್ನು ಒಳಗೆ ತಳ್ಳುವ ರೂಢಿ ಹಳ್ಳಿಯ ಮನೆಗಳಲ್ಲಿ ಬೇರೂರಿದೆ. ಕಸವೂ ಹೋಯಿತು, ನೀರೂ ಕಾಯಿತು ಎಂದು ಮನೆಯೊಡತಿಗೆ ಸಮಾಧಾನ. ಆದರೆ ಕಸವು ಹೋಗಲಿಲ್ಲ, ಹೊಗೆಯಾಯಿತು. ಅರೆಬೆಂದ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಡಯಾಕ್ಸಿನ್ ಮೊದಲಾದ ವಿಷಗಳು ಇರಬಲ್ಲವು. ಒಲೆಯ ಮುಂದೆ ಕುಳಿತವಳ, ಅವಳ ಮಗ್ಗುಲಲ್ಲಿ ಚಳಿ ಕಾಯಿಸಿಕೊಳ್ಳುವ ಕೂಸಿನ ಉಸಿರಿಗೆ ಅವು ಮೊದಲು ಸೇರುವವು. ಹಿಂದೆ ಆ ಒಲೆಯ ಬೂದಿಯಿಂದಲೇ ಪಾತ್ರೆ ತಿಕ್ಕುತ್ತಿದ್ದರು, ಗಿಡಗಳಿಗೆ ಹಾಕುತ್ತಿದ್ದರು. ಇಂದಿನ ಒಲೆಯ ಬೂದಿಯನ್ನು ಹಾಗೆ ನಂಬಿ ಮುಟ್ಟುವಂತಿಲ್ಲ. ಒಣಕಸವನ್ನು ಬೇರೆ ಬುಟ್ಟಿಯಲ್ಲಿ ಕೂಡಿಟ್ಟು ಪಟ್ಟಣ ಪಂಚಾಯತಿಯ ಗಾಡಿಗೆ ಕೊಡುವದೇ ಸರಿಯಾದ ದಾರಿ. ಹಸಿಕಸ, ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳೇ ವಿಧಿಸಿದವು. ತಿಪ್ಪೆಗೂ ಪ್ಲಾಸ್ಟಿಕ್ ಬೀಳಬಾರದು. ಬಿದ್ದುದು ಗೊಬ್ಬರದ ಬಂಡಿಯಲ್ಲಿ ಹೊಲಕ್ಕೆ ಹೋಗಿ ಕುಂಟೆಯ ಹಲ್ಲಿಗೆ ಸುತ್ತಿಕೊಳ್ಳುವದನ್ನು ಒಕ್ಕಲಿಗರು ದಿನವೂ ಕಾಣುತ್ತಾರೆ.

ಹಳೆಯ ಕಾಲವನ್ನು ಹೊಗಳುವದೇ ನಮ್ಮ ಉದ್ದೇಶವೆಂದು ಯಾರೂ ಭಾವಿಸಬಾರದು. ಕಟ್ಟಿಗೆಯ ಒಲೆಯ ಹೊಗೆಯು ಎಷ್ಟೋ ತಾಯಂದಿರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿತು. ಅಡಿಗೆಗೆ ಗ್ಯಾಸ್ ಬಂದುದು ಒಳಿತೇ ಸರಿ. ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಅದೂ ಉಳಿಯುವದು. ಮತ್ತೊಂದು ಮಾತನ್ನು ಗಂಡಸರಿಗೆ ಹೇಳಬೇಕಾಗಿದೆ. ಗುಂಡಿಗೆ ಮಣ್ಣು ಹಾಕುವದು, ಕಸ ಬೇರ್ಪಡಿಸುವದು, ಚೀಲ ಒಗೆದಿಡುವದು ಎಂಬ ಈ ನಿಯಮಗಳೆಲ್ಲ ಕೊನೆಗೆ ಮನೆಯ ಹೆಂಗಸರ ಬೆನ್ನಿನ ಮೇಲೆಯೇ ಬೀಳುವದಾದರೆ, ಅದು ಹೊಸ ಹೆಸರಿನ ಹಳೆಯ ಹೊರೆಯಷ್ಟೆ. ಲಕ್ಕಮ್ಮನವರು ಅಳತೆಯನ್ನು ಹೇಳಿದರು. ಅಕ್ಕಿಯನ್ನು ಹೊತ್ತುಕೊಂಡು ಹಿಂದಿರುಗಿದವರು ಮಾರಯ್ಯನವರು. ನಿರ್ಮಾಲ್ಯದ ಗುಂಡಿಯನ್ನಾದರೂ ಪೂಜೆ ಮಾಡಿಕೊಂಡವರೇ ನೋಡಿಕೊಳ್ಳಲಿ.

ಇನ್ನು ನೀರು. ವರದಾ-ತುಂಗಭದ್ರೆಗಳೆರಡೂ ಹತ್ತಿರವಿದ್ದರೂ ಬೇಸಿಗೆಯಲ್ಲಿ ನಮ್ಮ ಕೊಡಗಳು ಸಾಲಾಗಿ ಕಾಯುವವು. ಕ್ಷಣಕ್ಕೊಂದು ಹನಿ ತೊಟ್ಟಿಕ್ಕುವ ನಳವು ಒಂದು ದಿನದಲ್ಲಿ ಸುಮಾರು ಇಪ್ಪತ್ತು ಲೀಟರು ನೀರನ್ನು ಕಳೆಯುವದು. ಅಂದರೆ ಒಬ್ಬರ ಸ್ನಾನದ ನೀರು. ನೀರು ಶುದ್ಧಿಮಾಡುವ ಯಂತ್ರವನ್ನು ಕೊಂಡವರು ಅದು ಹೊರಚೆಲ್ಲುವ ನೀರನ್ನು ಬಕೀಟಿನಲ್ಲಿ ಹಿಡಿದು ನೆಲ ಒರಸಲು ಬಳಸಲಿ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಕರಿಬೇವಿಗೆ ಹೋಗಲಿ. ಬಚ್ಚಲ ನೀರು ಬಾಳೆಗೆ. ಆದರೆ ಬಾಳೆಗೆ ಹೋಗುವ ನೀರಿನಲ್ಲಿ ಸಾಬೂನಿನ ಪುಡಿಯು ಮಿತವಾಗಿರಬೇಕು. ತಲೆಗೆ ಸೀಗೆ, ಅಂಟುವಾಳಗಳನ್ನು ಬಳಸುವ ಮನೆಗಳಿಗೆ ಈ ಚಿಂತೆ ಕಡಿಮೆ.

ಮಳೆಯ ನೀರಿನ ಲೆಕ್ಕವು ಬಹಳ ಜನರನ್ನು ಬೆರಗುಗೊಳಿಸುವದು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು. ಸಾವಿರ ಚದರಡಿಯ ಮಾಳಿಗೆಯು ಸುಮಾರು 93 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಾತ್ರ ಬಿತ್ತೆಂದು ಎಣಿಸಿದರೂ 55 ಸಾವಿರ ಲೀಟರಿಗೆ ಮಿಕ್ಕುವದು. ಆರಿಹೋದುದನ್ನೂ ಸೋರಿಹೋದುದನ್ನೂ ಕಳೆದು 40 ಸಾವಿರ ಉಳಿದರೂ, ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಅದು ಎರಡೂವರೆ ಸಾವಿರ ಕೊಡಗಳಿಗಿಂತ ಹೆಚ್ಚು. ಅದೆಲ್ಲವೂ ಇಂದು ನಮ್ಮ ಮಾಳಿಗೆಯ ದೋಣಿಯಿಂದ ನೇರವಾಗಿ ಗಟಾರಕ್ಕೆ ಬೀಳುತ್ತಿದೆ. ತೊಟ್ಟಿ ಕಟ್ಟಿಸುವ ಶಕ್ತಿಯಿಲ್ಲದವರು ಎರಡು ಡ್ರಮ್ಮುಗಳಿಂದ ಆರಂಭಿಸಬಹುದು. ಮೃಗಶಿರ ಮಳೆಗೆ ಮುನ್ನ ಮಾಳಿಗೆಯನ್ನು ಗುಡಿಸಿ, ದೋಣಿಯ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆಯನ್ನು ಕಟ್ಟಬೇಕು. ಮೊದಲ ಎರಡು ಮಳೆಗಳ ನೀರಿನಲ್ಲಿ ಧೂಳು, ಹಕ್ಕಿಗಳ ಹಿಕ್ಕೆ ಇರುವದರಿಂದ ಅದನ್ನು ಗಿಡಗಳ ಕಡೆಗೆ ತಿರುಗಿಸಿ, ಮೂರನೆಯ ಮಳೆಯಿಂದ ಡ್ರಮ್ಮಿಗೆ ಬಿಡತಕ್ಕದ್ದು. ಮೇಲೆ ಮುಚ್ಚಳವು ಬಿಗಿಯಾಗಿರಲಿ. ಇಲ್ಲವಾದರೆ ವಾರದೊಳಗೆ ಸೊಳ್ಳೆಗಳು ಹುಟ್ಟುವವು.