ಒಂದು ಸರದಿಯೂ ತಪ್ಪದಿರಲಿ

ಡಯಾಲಿಸಿಸ್ ಎಂದಾಕ್ಷಣ ಎದೆಗುಂದಬೇಡಿ. 1960ರಲ್ಲಿ ಸಿಯಾಟಲ್‌ನ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರಿಂದ ಡಯಾಲಿಸಿಸ್ ಪಡೆದ ಕ್ಲೈಡ್ ಶೀಲ್ಡ್ಸ್ ಸಾವಿನ ಅಂಚಿನಲ್ಲಿದ್ದವರು. ಮತ್ತೆ 11 ವರ್ಷ ಬದುಕಿದರು, ಅದೂ ಆಗಿನ ಯಂತ್ರಗಳಲ್ಲಿ! ಈಗ ಇಪ್ಪತ್ತು ವರ್ಷ ದಾಟಿದವರೂ ಇದ್ದಾರೆ.

ವೈದ್ಯರು ವಾರಕ್ಕೆ ಮೂರು ಸಲ, ನಾಲ್ಕು ಗಂಟೆ ಎಂದಿದ್ದರೆ, "ಇವತ್ತು ಮೈ ಹಗುರವಾಗಿದೆ" ಎಂದು ಸರದಿ ಬಿಡಬೇಡಿ, ಅರ್ಧ ಗಂಟೆ ಮೊದಲೇ ಏಳಲೂಬೇಡಿ. ಮೈಯಲ್ಲಿ ನಿಲ್ಲುವ ನೀರಿನ ಭಾರ ಹೊರುವುದು ಹೃದಯ. ದಿನಾ ಬೆಳಗ್ಗೆ ತೂಕ ನೋಡಿ. ಸಾರು, ಮಜ್ಜಿಗೆ, ಕಾಫಿ ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಬಾಯಾರಿಕೆಯೂ ತಗ್ಗುತ್ತದೆ. ನೋಡಲು ಬರುವ ನೆಂಟರು ಪ್ರೀತಿಯಿಂದ ಎಳನೀರು ತರುತ್ತಾರೆ. ಅದರಲ್ಲಿರುವ ಪೊಟ್ಯಾಷಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಸಂಕೋಚಪಡದೆ ಬೇಡ ಎನ್ನಿ.

ಡಯಾಲಿಸಿಸ್ ಸೂಜಿಗಾಗಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಯನ್ನು ಕಣ್ಣಿನಂತೆ ಕಾಯಿರಿ. ದಿನವೂ ಬೆರಳಿಟ್ಟರೆ ಚರ್ಮದಡಿ ಜುಮ್ಮೆನ್ನುವ ಕಂಪನ ಸಿಗಬೇಕು. ಸಿಗದಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ. ಆ ಕೈಗೆ ಬಿಪಿ ಪಟ್ಟಿ ಕಟ್ಟಲು, ಬೇರೆ ಸೂಜಿ ಚುಚ್ಚಲು ಬಿಡಬೇಡಿ.

ಮೂತ್ರಪಿಂಡ ಕಸಿ ನಿಮಗೆ ಆಗುತ್ತದೆಯೇ ಎಂದು ಇಂದೇ ಕೇಳಿ. ಕರ್ನಾಟಕದವರಾದರೆ, ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯ ಕಾಯುವ ಪಟ್ಟಿಗೆ ಹೆಸರು ಸೇರಿಸುವುದು ಹೇಗೆಂದು ಕಸಿ ಮಾಡುವ ಆಸ್ಪತ್ರೆಯವರೇ ತಿಳಿಸುತ್ತಾರೆ.